ಕೊನೆಯ ಮಾತು ತಪ್ಪಿದವಳು

ತಂಗಿ ಆ ಬಿಳಿ ಗೌನನ್ನು ನಾಲ್ಕು ಮಡಿಕೆ ಮಾಡಿ ಫ್ರೀಜರ್ ಪೆಟ್ಟಿಗೆಯ ಕೆಳಗೆ ತುರುಕಿದಳು. ಅಕ್ಕನ ಹೆಣವಿಟ್ಟಿದ್ದ ಬಾಡಿಗೆಯ ಪೆಟ್ಟಿಗೆ ಬೆಳಗಿನಿಂದ ಸೋರುತ್ತಿತ್ತು. ಎಷ್ಟು ಒರೆಸಿದರೂ ನೀರು ಹೊಸ್ತಿಲ ತನಕ ಹರಿದು, ಬಂದುಹೋಗುವವರ ಚಪ್ಪಲಿಯ ಮಣ್ಣಿಗೆ ಸೇರಿ, ಮುಂದಿನ ಕೋಣೆಯೆಲ್ಲ ರಾಡಿಯಾಗಿತ್ತು. ಗೌನು ನೋಡನೋಡುತ್ತಿದ್ದಂತೆ ನೀರು ಕುಡಿದು ಬೂದಿ ಬಣ್ಣಕ್ಕೆ ತಿರುಗಿತು. ಹೊರಗೆ ಉಳಿದಿದ್ದ ಜರಿಯ ಅಂಚನ್ನು ಅವಳು ಕಾಲಿನ ಹೆಬ್ಬೆರಳಿನಿಂದ ಒಳಕ್ಕೆ ತಳ್ಳಿದಳು.

"ಅಮ್ಮಾ, ಅದು..." ಎಂದ ಬಾಗಿಲಲ್ಲಿ ನಿಂತಿದ್ದ ನಾಟಕ ಸಂಘದ ಕಾರ್ಯದರ್ಶಿ. ಸ್ವಲ್ಪ ಹೊತ್ತಿನ ಹಿಂದೆ ಅವನೇ ಅದಕ್ಕೆ ಇಸ್ತ್ರಿ ಮಾಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಎಳೆಗೂಸನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಿದ್ದ.

"ಒರೆಸೋ ಬಟ್ಟೆ ಎಲ್ಲ ಮುಗಿದಿತ್ತು," ಎಂದಳು ತಂಗಿ.

"ಅದು ನಾಟಕದ ಉಡುಪು ಅಮ್ಮ. ಅವರೇ ಹಾಕಿಕೊಂಡಿದ್ದು. ಇಷ್ಟು ವರ್ಷ ಸಂಘದ ಗಾಜಿನ ಬೀರುವಿನಲ್ಲಿ ಇಟ್ಟಿದ್ವಿ. ಇದನ್ನ ತೊಡಿಸಿ, ನಮ್ಮ ಸಭಾಂಗಣದಲ್ಲಿ ಜನ ಬಂದು ನೋಡೋಕೆ ಸ್ವಲ್ಪ ಹೊತ್ತು ಇಟ್ಟರೆ ಚೆನ್ನಾಗಿರುತ್ತೆ ಅಂತ ಮೇಷ್ಟ್ರು ಅಂದ್ರು."

"ಬದುಕಿದ್ದಾಗ ಒಂದು ದಿನ ಕರೆದಿದ್ರಾ ಆ ಸಭಾಂಗಣಕ್ಕೆ?"

ಕಾರ್ಯದರ್ಶಿ ಚಾವಣಿ ನೋಡಿದ. ಸಂಘಕ್ಕೆ ಆ ವರ್ಷ ಐವತ್ತು ತುಂಬುತ್ತಿತ್ತು. ಹಳೆಯ ಕಲಾವಿದೆಯೊಬ್ಬಳು ಸಮಯ ನೋಡಿಕೊಂಡೇ ಸತ್ತಿದ್ದಾಳೆ ಎಂದು ಬೆಳಿಗ್ಗೆ ಅವನಿಗೆ ಒಳಗೊಳಗೇ ಸಮಾಧಾನವಾಗಿತ್ತು. ಈಗ ಅವನ ಮುಖ ಕಣ್ಣೆದುರೇ ಬಸ್ಸು ಹೊರಟುಹೋದವನ ಮುಖದಂತಾಯಿತು.

"ಚಿತಾಗಾರಕ್ಕೆ ಬೇಕಾದ್ರೆ ಬನ್ನಿ," ಎಂದಳು ತಂಗಿ. "ಅಲ್ಲಿ ಯಾರನ್ನೂ ತಡೆಯಲ್ಲ."

ಗಾಜಿನೊಳಗೆ ಅಕ್ಕ ತನ್ನ ಕಂದು ಸ್ವೆಟರಿನಲ್ಲೇ ಮಲಗಿದ್ದಳು. ಮೊನ್ನೆ ಸಂಜೆ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದವಳು ಹಾಗೇ ತಲೆ ವಾಲಿಸಿದ್ದಳು. ಕೆಳದುಟಿ ಸ್ವಲ್ಪ ಮುಂದೆ ಬಂದಿತ್ತು. ಊರಿನ ಬಸ್ ನಿಲ್ದಾಣದಲ್ಲಿ, ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ಕೋಣೆಯಲ್ಲಿ ಅವಳು ಕೆಲಸಕ್ಕಿದ್ದಳು. ಮುರಿದ ಕೊಡೆ ಕಳೆದುಕೊಂಡವನು ಬಂದು ಹೊಸ ಕೊಡೆಯತ್ತ ಬೆರಳು ಮಾಡಿ "ಅದೇ ನಂದು" ಎಂದಾಗ ಅವಳ ತುಟಿ ಹೀಗೆ ಮುಂದೆ ಬರುತ್ತಿತ್ತು. ಇಡೀ ಉದ್ಯೋಗ ಅಂಥವರನ್ನು ನೋಡುವುದರಲ್ಲೇ ಕಳೆದದ್ದರಿಂದಲೋ ಏನೋ, ತುಟಿ ಅಲ್ಲೇ ನಿಂತುಬಿಟ್ಟಿತ್ತು.

ಸಭಾಂಗಣ ತಪ್ಪಿದ ಮೇಲೆ ಮೇಷ್ಟ್ರು ತಾವೇ ಮನೆಗೆ ಬಂದರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ಅವರು ಸಂಘದ ಎಲ್ಲ ನಾಟಕಗಳ ನಿರ್ದೇಶಕರು. ಎಂಬತ್ತು ದಾಟಿತ್ತು. ಅವರಿಗಾಗಿ ಒಬ್ಬರು ಎದ್ದರು, ಒಬ್ಬರು ಕುರ್ಚಿ ಒರೆಸಿದರು, ಒಬ್ಬರು ಫ್ಯಾನು ಅವರತ್ತ ತಿರುಗಿಸಿದರು. ಹೆಣದ ಮುಂದೆ ಕಣ್ಣುಮುಚ್ಚಿ ನಿಂತವರು, ಫೋಟೋ ತೆಗೆದದ್ದು ಖಾತ್ರಿಯಾದ ಮೇಲೆ ಕಣ್ಣು ಬಿಟ್ಟು ಕೂತರು.

"ಅಂಥ ಮುಖ ನನಗೆ ಮತ್ತೆ ಸಿಗಲೇ ಇಲ್ಲ," ಎಂದರು. "ದುರಂತ ನಾಯಕಿಯ ಮುಖ. ಸಾಯೋದಕ್ಕೇ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಪಾಪ, ನೆನಪಿನ ಶಕ್ತಿ ಇರಲಿಲ್ಲ."

ಅಲ್ಲಿದ್ದವರಲ್ಲಿ ಅರ್ಧ ಜನಕ್ಕೆ ಕತೆ ಗೊತ್ತಿತ್ತು. ಅವರು ಮುಗುಳ್ನಗಲು ಮುಂಚೆಯೇ ತಯಾರಾದರು. ಗೊತ್ತಿಲ್ಲದಿದ್ದವಳು ಎದುರು ಮನೆಯ ಇಸ್ತ್ರಿ ಅಂಗಡಿಯವಳು. ಮೇಷ್ಟ್ರು ಅವಳ ಕಡೆ ತಿರುಗಿದರು.

"ಅದು ಇಂಗ್ಲಿಷಿನ ಹಳೇ ದುರಂತ ನಾಟಕ ಅಮ್ಮ, ಜಗತ್ತೇ ತಲೆಬಾಗೋ ಅಂಥದ್ದು. ಒಬ್ಬ ಸೇನಾಪತಿ. ಅವನ ಹೆಂಡತಿ ಹಾಲಿನಂಥ ಮನಸ್ಸಿನವಳು. ಯಾರೋ ಚಾಡಿ ಹೇಳ್ತಾನೆ, ಒಂದು ಕರವಸ್ತ್ರ ಕಳೆದುಹೋಗುತ್ತೆ, ಇವನಿಗೆ ಅನುಮಾನ ಹತ್ತುತ್ತೆ. ಹಾಸಿಗೆಯಲ್ಲೇ ಅದುಮಿ ಕೊಲ್ತಾನೆ. ಕೊನೇ ಉಸಿರು ಇರೋವಾಗ ಸೇವಕಿ ಓಡಿಬಂದು, ಯಾರಮ್ಮ ಹೀಗೆ ಮಾಡಿದ್ದು ಅಂತ ಕೇಳ್ತಾಳೆ. ಆಗಲೂ ಗಂಡನನ್ನ ಬಿಟ್ಟುಕೊಡಲ್ಲ. ತಪ್ಪೆಲ್ಲ ತನ್ನ ಮೇಲೇ ಹಾಕಿಕೊಂಡು ಕಣ್ಣು ಮುಚ್ತಾಳೆ. ನಾಟಕದ ಜೀವ ಇರೋದೇ ಆ ಒಂದು ಮಾತಿನಲ್ಲಿ."

"ಸಾಯುವಾಗಲಾದರೂ ನಿಜ ಹೇಳೋದಲ್ವಾ?" ಎಂದಳು ಇಸ್ತ್ರಿಯವಳು.

"ಅದು ಪ್ರೇಮ. ನಿಮಗೆ ಅರ್ಥ ಆಗಲ್ಲ." ಮೇಷ್ಟ್ರು ಅವಳನ್ನು ಬಿಟ್ಟು ಉಳಿದವರನ್ನು ನೋಡಿದರು. "ಆ ಮಾತನ್ನೇ ಇವಳು ಮರೆತುಬಿಟ್ಟಳು ನೋಡಿ. ಬಾಯಿಗೆ ಬಂದದ್ದು ಹೇಳಿದಳು. ಗಂಡನ ಕಡೆ ಬೆರಳು ತೋರಿಸಿ 'ಇವನೇ' ಅಂದುಬಿಟ್ಟಳು. ಸಂತೆಯಲ್ಲಿ ಜೇಬುಗಳ್ಳನನ್ನ ಹಿಡಿದುಕೊಟ್ಟ ಹಾಗೆ. ಸಭೆ ಹೋ ಅಂತ ನಕ್ಕಿತು. ಪರದೆ ಎಳೆಸಿಬಿಟ್ಟೆ."

ಕೋಣೆಯಲ್ಲಿ ನಗು ಎದ್ದಿತು. ಸಾವಿನ ಮನೆ ಎಂಬುದು ನೆನಪಾಗಿ ಕೆಲವರು ಅದನ್ನು ಕೆಮ್ಮಾಗಿ ತಿರುಗಿಸಿದರು.

ಒಳಗೆ ಅಡುಗೆಮನೆಯಲ್ಲಿ ತಂಗಿಯ ಮಗಳು ಟೀ ಸೋಸುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸು, ನಲವತ್ತು ದಾಟಿದವಳು. ಈ ಕತೆಯನ್ನು ಅವಳು ಶಾಲೆಗೆ ಹೋಗುತ್ತಿದ್ದಾಗಿನಿಂದ ಕೇಳಿದ್ದಳು. ಒಮ್ಮೆ ಒಬ್ಬ ಟೀಚರು ತರಗತಿಯಲ್ಲೇ "ಇವಳ ದೊಡ್ಡಮ್ಮ ಗೊತ್ತಲ್ಲ, 'ಇವನೇ' ದೊಡ್ಡಮ್ಮ" ಎಂದಾಗ ಮನೆಗೆ ಬಂದು ಅತ್ತಿದ್ದಳು. "ಯಾಕೆ ಮರೆತೆ ನೀನು?" ಎಂದು ಕೇಳಿದ್ದಳು. "ನೀನು ಮಗ್ಗಿ ಮರೆಯಲ್ವಾ? ಹಾಗೇ," ಎಂದಿದ್ದಳು ದೊಡ್ಡಮ್ಮ, ಅವಳ ಮೂಗು ಒರೆಸುತ್ತ.

"ಸತ್ತ ಮೇಲೂ ಬಿಡಲ್ಲ ಇವರು," ಎಂದಳು ಮಗಳು. "ಒಂದು ಮಾತು ಮರೆತದ್ದಕ್ಕೆ ನಲವತ್ತು ವರ್ಷ."

ತಾಯಿ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದಳು. "ಅವಳು ಮರೆತಿರಲಿಲ್ಲ ಕಣೇ," ಎಂದಳು.

"ಅಂದ್ರೆ?"

"ಬಾಗಿಲು ಮುಂದೆ ಮಾಡು. ಹೇಳ್ತೀನಿ."

*

ಆಗ ಸಂಘವೆಂದರೆ ಬಸ್ ಡಿಪೋದ ನೌಕರರು ಸೇರಿ ಕಟ್ಟಿಕೊಂಡದ್ದು. ಅದರ ದೊಡ್ಡ ನಟ ಲೆಕ್ಕಪತ್ರ ವಿಭಾಗದ ಗುಮಾಸ್ತ. ಊರಿಗೆಲ್ಲ ಅವನು "ಗರ್ಜನೆ." ಬಾಯಿ ತೆರೆದರೆ ಕೊನೆಯ ಸಾಲಿನವನೂ ಬೆಚ್ಚಬೇಕು, ಹಾಗಿತ್ತು ದನಿ. ಅದೊಂದನ್ನು ಬಿಟ್ಟರೆ ಅವನ ಬಳಿ ಬೇರೆ ಸಾಮಾನಿರಲಿಲ್ಲ. ಪ್ರೀತಿಗೂ ಅದೇ ದನಿ, ಸಿಟ್ಟಿಗೂ ಅದೇ ದನಿ, ಬಾಗಿಲು ತೆಗೆ ಎನ್ನುವುದಕ್ಕೂ ಅದೇ. ಅಕ್ಕನ ತಂಗಿಯನ್ನು ಅವನು ಮದುವೆಯಾಗಿದ್ದ.

ಮೇಷ್ಟ್ರು ಆ ದೊಡ್ಡ ನಾಟಕ ಹಿಡಿದಾಗ ನಾಯಕಿ ಸಿಗಲಿಲ್ಲ. ಇದ್ದೊಬ್ಬ ನಟಿ ವರ್ಗವಾಗಿ ಬೇರೆ ಊರಿಗೆ ಹೋಗಿದ್ದಳು. "ನಮ್ಮ ಅತ್ತಿಗೆ ಇದ್ದಾಳೆ," ಎಂದ ಗರ್ಜನೆ. "ಸಾಮಾನಿನ ಕೋಣೆಯವಳು. ಮುಖ ಪರವಾಗಿಲ್ಲ."

ಅಕ್ಕನಿಗೆ ನಾಟಕದ ಗಂಧವಿರಲಿಲ್ಲ, ಆಸೆಯೂ ಇರಲಿಲ್ಲ. ಆದರೆ ತಾಲೀಮು ನಡೆಯುವುದು ಗರ್ಜನೆಯ ಮನೆಯ ಮೇಲಿನ ಕೋಣೆಯಲ್ಲಿ ಎಂದು ಗೊತ್ತಾದ ಕೂಡಲೇ ಒಪ್ಪಿದಳು. ತಂಗಿಗೆ ಹೆಣ್ಣುಮಗು ಹುಟ್ಟಿ ತಿಂಗಳುಗಳಾಗಿದ್ದವು. ಯಾವಾಗ ಹೋದರೂ ಗರ್ಜನೆ ಬಾಗಿಲಲ್ಲೇ ನಿಂತು "ಮಲಗಿದ್ದಾಳೆ" ಎನ್ನುತ್ತಿದ್ದ. ತಂಗಿಯನ್ನು ನೋಡಲು ಬೇರೆ ದಾರಿ ಇರಲಿಲ್ಲ.

ಪಾತ್ರ ಅವಳಿಗೆ ಮೊದಲ ದಿನವೇ ಹಿಡಿಸಲಿಲ್ಲ.

"ಕರವಸ್ತ್ರಕ್ಕೆ ಇಷ್ಟು ಗಲಾಟೆನಾ?" ಎಂದಳು. "ನಮ್ಮ ಕೋಣೆಗೆ ಬಂದು ನೋಡಿ. ಮೂಟೆಗಟ್ಟಲೆ ಬಿದ್ದಿವೆ. ಒಬ್ಬ ಗಂಡನೂ ಕೇಳಿಕೊಂಡು ಬಂದಿಲ್ಲ."

"ಪಾತ್ರವನ್ನ ಗೌರವಿಸಬೇಕಮ್ಮ," ಎಂದರು ಮೇಷ್ಟ್ರು. "ಅವಳು ಹೂವು. ನೀನು ಗಂಡನನ್ನ ನೋಡೋ ನೋಟ ತರಕಾರಿ ಚೌಕಾಸಿ ಮಾಡೋರ ಹಾಗಿದೆ. ನೆಲ ನೋಡು. ನೆಲ ನೋಡುತ್ತಲೇ ಪ್ರೀತಿಸು."

ಕೊನೆಯ ಮಾತಿಗೆ ಮೇಷ್ಟ್ರು ವಾರಗಟ್ಟಲೆ ಹೆಣಗಿದರು. ತಪ್ಪನ್ನು ತನ್ನ ಮೇಲೆ ಹೊತ್ತುಕೊಳ್ಳುವ ಆ ಮಾತು ಅಕ್ಕನ ಬಾಯಲ್ಲಿ ಪ್ರತಿಸಲವೂ ಕಟ್ಟಿಗೆ ಮುರಿದಂತೆ ಬರುತ್ತಿತ್ತು.

"ಇವಳು ಯಾಕೆ ಸುಳ್ಳು ಹೇಳ್ತಾಳೆ?" ಎಂದು ಕೇಳಿದಳು.

"ಸುಳ್ಳಲ್ಲ. ಕ್ಷಮೆ."

"ಅದರಿಂದ ಯಾರಿಗೆ ಉಪಯೋಗ?"

"ಗಂಡ ಉಳೀತಾನಲ್ಲ."

"ಅದು ಗೊತ್ತಾಯ್ತು," ಎಂದಳು ಅಕ್ಕ. ಗರ್ಜನೆ ಗಟ್ಟಿಯಾಗಿ ನಕ್ಕ. ಅವನಿಗೆ ಆ ನಾಟಕ ಬಹಳ ಇಷ್ಟ. ಹೆಂಡತಿಯನ್ನು ಕೊಂದ ಮೇಲೆ ಸೇನಾಪತಿ ಅವಳ ಹೆಣದ ಮುಂದೆ ನಿಂತು ಆಡುವ ಉದ್ದನೆಯ ಮಾತೊಂದಿತ್ತು. ಕೊಂದವನೇ ಅಳುತ್ತಾನೆ, ನೋಡುವವರು ಅವನಿಗಾಗಿ ಅಳಬೇಕು. ಅದನ್ನು ಅವನು ಕನ್ನಡಿಯ ಮುಂದೆ ಕಲಿತ, ಸ್ನಾನದ ಮನೆಯಲ್ಲಿ ಕಲಿತ, ಮಗು ನಿದ್ದೆಯಲ್ಲಿ ಬೆಚ್ಚಿ ಅಳುವಂತೆ ಕಲಿತ.

ತಾಲೀಮಿನ ಮಧ್ಯೆ ತಂಗಿ ಎಲ್ಲರಿಗೂ ಟೀ ತರುತ್ತಿದ್ದಳು. ಸುಡುವ ಬೇಸಿಗೆಯಲ್ಲೂ ಮಣಿಕಟ್ಟು ಮುಚ್ಚುವ ತೋಳಿನ ರವಿಕೆ. ಮಾತಾಡಿಸಿದರೆ ಗಂಡನ ಮುಖ ನೋಡಿ ಉತ್ತರ ಕೊಡುತ್ತಿದ್ದಳು. ಒಂದು ಸಂಜೆ ಅಕ್ಕ ಖಾಲಿ ಲೋಟಗಳನ್ನು ತಾನೇ ಹಿಡಿದು ಕೆಳಗೆ ಹೋದಳು. ತಂಗಿ ತೋಳು ಮೇಲೆ ಮಡಚಿ ಪಾತ್ರೆ ತೊಳೆಯುತ್ತಿದ್ದಳು. ಮೊಣಕೈಯ ಮೇಲೆ ನಾಲ್ಕು ಬೆರಳಿನ ಗುರುತು ಹೆಪ್ಪುಗಟ್ಟಿ ನಿಂತಿತ್ತು. ಅದರ ಪಕ್ಕದಲ್ಲಿ, ಹಳದಿಗೆ ತಿರುಗಿದ ಹಳೆಯದೊಂದು.

"ಯಾರು ಮಾಡಿದ್ದು?" ಎಂದಳು ಅಕ್ಕ.

ತಂಗಿ ತೋಳು ಎಳೆದುಕೊಂಡಳು. "ಯಾರೂ ಇಲ್ಲ ಅಕ್ಕ. ನನ್ನದೇ ತಪ್ಪು. ಅವರಿಗೆ ಹೇಳಬೇಡ, ಬೇಜಾರು ಮಾಡ್ಕೋತಾರೆ."

ಮೇಷ್ಟ್ರು ಇಷ್ಟು ದಿನ ಹೇಳಿಕೊಟ್ಟರೂ ಅಕ್ಕನಿಗೆ ಬಾರದಿದ್ದ ದನಿ ಇದೇ ಆಗಿತ್ತು. ಸ್ವಲ್ಪವೂ ಕಷ್ಟಪಡದೆ ಹೇಳಿದ್ದಳು ತಂಗಿ. ಮೇಲಿನಿಂದ ಮೇಷ್ಟ್ರು ಕೂಗುತ್ತಿದ್ದರು: ನಾಯಕಿ ಎಲ್ಲಿ ಹೋದಳು, ಹಾಸಿಗೆ ತಯಾರಿದೆ, ಸಾಯುವುದಕ್ಕೆ ಬರಬೇಕು.

*

"ನಾಟಕದ ದಿನ ನನ್ನನ್ನ ಮೂರನೇ ಸಾಲಲ್ಲಿ ಕೂರಿಸಿದ್ರು," ಎಂದಳು ತಾಯಿ. ಟೀ ಆರುತ್ತಿತ್ತು. "ಡಿಪೋ ಸಾಹೇಬರ ಹೆಂಡತಿ ಪಕ್ಕ. ನೀನು ನನ್ನ ತೊಡೆ ಮೇಲೆ. ಒಳ್ಳೆ ಸಂಸಾರ ಕಾಣಬೇಕಲ್ಲ. ಸಂಜೆ ನಾಟಕ, ಹಾಲ್ ತುಂಬಿತ್ತು. ಅವನು ದಿಂಬು ಇಟ್ಟು ಕತ್ತಿನ ಮೇಲೆ ಅದುಮಿದ. ಅಕ್ಕನ ಕಾಲು ನೋಡಿದೆ ನಾನು. ಮಂಚದ ಮೇಲೆ ಆ ಕಾಲು ಒದ್ದಾಡ್ತಿದ್ದಿದ್ದು ನಟನೆ ಅಲ್ಲ. ನನಗೆ ಆ ಒದ್ದಾಟ ಗೊತ್ತು. ಜನ ಚಪ್ಪಾಳೆ ತಟ್ಟಿದ್ರು, ಏನು ಸಹಜ ಅಭಿನಯ ಅಂತ."

ಮಗಳು ಕೈಯಲ್ಲಿದ್ದ ಟೀ ಜರಡಿಯನ್ನು ಕೆಳಗಿಡಲಿಲ್ಲ.

"ಸೇವಕಿ ಬಂದು ಕೇಳಿದ್ಲು. ಅಕ್ಕ ಎದ್ದು ಕೂತಳು. ಏಳಬಾರದು ಅಲ್ಲಿ, ಮಲಗೇ ಹೇಳಬೇಕು. ಎದ್ದು ಕೂತು, ಕೆಮ್ಮಿ, ಸೇವಕಿಯನ್ನ ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಮೂರನೇ ಸಾಲು ನೋಡಿದ್ಲು. 'ಇವನೇ. ಇವನೇ ಮಾಡಿದ್ದು. ನನ್ನ ತಪ್ಪು ಏನೂ ಇಲ್ಲ' ಅಂದ್ಲು. ಎಷ್ಟು ಸಾವಧಾನವಾಗಿ ಹೇಳಿದ್ಲು ಗೊತ್ತಾ? ಕಿಟಕಿಯಲ್ಲಿ ಕೂತು ಯಾರದೋ ಸಾಮಾನು ಯಾರದು ಅಂತ ಹೇಳೋ ಹಾಗೆ."

"ಎಲ್ಲರೂ ನಕ್ಕರಾ?"

"ಎಲ್ಲರೂ. ಸಾಹೇಬರ ಹೆಂಡತಿ ನನ್ನ ತೊಡೆ ತಟ್ಟಿ ನಕ್ಕಳು. ಇವನು ಬಾಯಿ ತೆಕ್ಕೊಂಡು ನಿಂತಿದ್ದ. ಅಷ್ಟು ದಿನ ಕಲಿತ ದೊಡ್ಡ ಮಾತು ಗಂಟಲಲ್ಲೇ ಉಳೀತು. ಪರದೆ ಬಂದು ಅವನ ತಲೆ ಮೇಲೆ ಬಿತ್ತು."

"ನೀನು?"

"ನಾನು ಅವತ್ತು ಮನೆಗೆ ಹೋದೆ. ಅವನು ಸಂಘದವರ ಜೊತೆ ಕುಡಿಯೋಕೆ ಹೋಗಿದ್ದ, ಬರಲೇ ಇಲ್ಲ. ಬೆಳಿಗ್ಗೆ ನಿನ್ನನ್ನ ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ಬಂದೆ. ಅಕ್ಕ ಆಗ ತಾನೇ ಕಿಟಕಿ ತೆಗೀತಿದ್ಲು. ಕತ್ತಿನ ಸುತ್ತ ಕೆಂಪಗೆ ಬಾತಿತ್ತು. ಏನೂ ಕೇಳಲಿಲ್ಲ. ಪಕ್ಕದ ಬಾಗಿಲು ತೆಗೆದು, ಒಳಗೆ ಬಾ, ಟೀ ಕುಡಿದ್ಯಾ, ಅಂದ್ಲು. ಅಷ್ಟೇ."

ಮುಂದಿನ ಕೋಣೆಯಿಂದ ಮೇಷ್ಟ್ರ ದನಿ ಕೇಳುತ್ತಿತ್ತು. ಈಗ ಅವರು ತಮ್ಮ ಇನ್ನೊಂದು ನಾಟಕದ ಕತೆಗೆ ಹೋಗಿದ್ದರು.

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಮಗಳ ದನಿ ಒರಟಾಯಿತು. "ನಾನು ಅವಳನ್ನ ಮರೆಗುಳಿ ಅಂತ ನಾಚಿಕೊಂಡಿದ್ದೆ. ಹೊಂದಾಣಿಕೆ ಆಗಲಿಲ್ಲ, ಬಿಟ್ಟು ಬಂದೆ, ಅಂತ ಮಾತ್ರ ಹೇಳಿದ್ದೆ ನೀನು."

"ಅವಳೇ ಬೇಡ ಅಂದ್ಲು. ಮಗುಗೆ ಅಪ್ಪ ಇಲ್ಲ ಅಂದ್ರೆ ಸಾಕು, ಅಪ್ಪ ಇಂಥವನು ಅಂತ ಹೊತ್ತುಕೊಂಡು ತಿರುಗೋದು ಬೇಡ ಅಂತ. ನಾನು ಎಷ್ಟೋ ಸಲ ಅಂದೆ, ಜನ ನಿನ್ನನ್ನ ಆಡಿಕೊಳ್ತಾರೆ, ನಿಜ ಹೇಳಿಬಿಡೋಣ ಅಂತ. ಅದಕ್ಕವಳು, 'ನಾನು ಒಂದು ಸಲ ಊರಿನ ಮುಂದೆ ಹೇಳಿದೀನಿ, ನಕ್ಕರು, ಎರಡನೇ ಸಲ ಕೇಳೋ ಯೋಗ್ಯತೆ ಅವರಿಗಿಲ್ಲ' ಅಂದ್ಲು."

*

ಅದಾದ ಮೇಲೆ ಅಕ್ಕನಿಗೆ ಮದುವೆಯ ಮಾತು ಬರಲಿಲ್ಲ. ಬಂದ ಒಂದೆರಡು ಕಡೆಯವರು ನಾಟಕದ ವಿಷಯ ಕಿವಿಗೆ ಬಿದ್ದು ಹಿಂದೆ ಸರಿದರು. "ಇವನೇ" ಎನ್ನುವ ಹೆಂಡತಿ ಯಾರಿಗೆ ಬೇಕು. ಗರ್ಜನೆ ಕಚೇರಿಯಲ್ಲಿ "ನಮ್ಮ ಅತ್ತಿಗೆಗೆ ಬುದ್ಧಿ ಸ್ತಿಮಿತ ಇಲ್ಲ, ನನ್ನ ಸಂಸಾರವನ್ನೂ ಕೆಡಿಸಿದಳು" ಎಂದು ಹಬ್ಬಿಸಿದ. ಬೇರೆಯವರಿಗೆ ಬಡ್ತಿ ಸಿಕ್ಕಿತು. ಅವಳು ಅದೇ ಕೋಣೆಯಲ್ಲಿ ಅದೇ ಸ್ಟೂಲಿನ ಮೇಲೆ ಉಳಿದಳು. ಡ್ರೈವರುಗಳು ಕಿಟಕಿಯಲ್ಲಿ ತಲೆ ಹಾಕಿ "ಅಕ್ಕಾ, ಯಾರು ಮಾಡಿದ್ದು?" ಎಂದು ಕೇಳಿ ಓಡುವುದು ವಾಡಿಕೆಯಾಯಿತು. ಯಾಕೆ ಕೇಳುತ್ತಾರೆಂದು ತಿಳಿಯದ ಹೊಸ ಹುಡುಗರೂ ಕೇಳಿದರು. "ಸಾಮಾನಿನ ಗುರುತು ಹೇಳು, ಇಲ್ಲ ದಾರಿ ಬಿಡು," ಎನ್ನುತ್ತಿದ್ದಳು.

ತಂಗಿ ಹೊಲಿಗೆ ಕಲಿತಳು. ಮಗು ಸಾಮಾನಿನ ಕೋಣೆಯಲ್ಲೇ ತೆವಳಿ, ಯಾರದೋ ಟ್ರಂಕು ಹಿಡಿದು ಎದ್ದು ನಿಂತು, ಯಾರೂ ಕೇಳಿಕೊಂಡು ಬಾರದ ಬೊಂಬೆಗಳ ಜೊತೆ ಆಡಿ ಬೆಳೆಯಿತು. ಒಮ್ಮೆ ಗರ್ಜನೆ ಹೆಂಡತಿಯನ್ನು ವಾಪಸು ಕೇಳಲು ಕಿಟಕಿಗೆ ಬಂದಿದ್ದ. ಸರತಿಯಲ್ಲಿ ನಿಲ್ಲಿ ಎಂದಳು ಅಕ್ಕ. ಅವನ ಮುಂದೆ ಆರೇಳು ಜನರಿದ್ದರು. ಹಿಂದಿನವರು ಗುರುತು ಹಿಡಿದು ನಗತೊಡಗಿದ ಮೇಲೆ ಅವನು ಹೋದವನು ಮತ್ತೆ ಬರಲಿಲ್ಲ. ಬೇರೆ ಮದುವೆಯಾದ. ಆ ನಾಟಕವನ್ನು ಮಾತ್ರ ಸಂಘ ಮತ್ತೆ ಆಡಲಿಲ್ಲ. ಟಿಕೆಟ್ಟು ಕೊಳ್ಳುವವರು ನಗುವುದಕ್ಕೆಂದೇ ಬರುತ್ತಾರೆ ಎಂದು ಮೇಷ್ಟ್ರಿಗೆ ಭಯ.

*

ಚಿತಾಗಾರದಲ್ಲಿ ಇವರ ಮುಂದಿನ ಹೆಣ ಇನ್ನೂ ಒಳಗಿತ್ತು. ಅಕ್ಕನನ್ನು ಹೊರಗಿನ ಶೆಡ್ಡಿನಲ್ಲಿ ಇಳಿಸಿ ಕಾಯಬೇಕಾಯಿತು. ಮಗಳು ಸಿಮೆಂಟ್ ಬೆಂಚಿನ ಮೇಲೆ ಕೂತಳು. ತಾಯಿ ಪಕ್ಕದಲ್ಲಿ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು.

ಕಾರೊಂದು ಬಂದು ನಿಂತಿತು. ಕಾರ್ಯದರ್ಶಿ ಓಡಿಹೋಗಿ ಬಾಗಿಲು ತೆಗೆದ. ಊರುಗೋಲು ಮೊದಲು ಇಳಿಯಿತು, ಆಮೇಲೆ ಗರ್ಜನೆ.

"ಬಂದ," ಎಂದಳು ತಾಯಿ. "ಕೂದಲಿಗೆ ಬಣ್ಣ ಹಾಕಿದಾನೆ ನೋಡು. ಹುಬ್ಬಿಗೆ ಹಾಕೋದು ಮರೆತಿದಾನೆ."

ಅವಳ ದನಿಯಲ್ಲಿ ಭಯವಾಗಲಿ ಸಿಟ್ಟಾಗಲಿ ಇರಲಿಲ್ಲ. ಅಂಗಡಿಯಲ್ಲಿ ಕೊಳೆತ ಹಣ್ಣನ್ನು ಬೆರಳಲ್ಲಿ ಒತ್ತಿ ವಾಪಸು ಇಡುವವರ ದನಿ ಅದು. ಎದ್ದು ಅಕ್ಕನ ಹತ್ತಿರ ಹೋಗಿ ನಿಂತಳು.

ಗರ್ಜನೆ ನಡೆದು ಬಂದು ಏದುಸಿರು ಬಿಡುತ್ತ ಅವಳು ಬಿಟ್ಟ ಜಾಗದಲ್ಲೇ ಕೂತ. ಪಕ್ಕದಲ್ಲಿದ್ದ ಮಗಳನ್ನು ನೋಡಿದ. ಪತ್ರಿಕೆಯ ಫೋಟೋಗಳಲ್ಲಿ ಅವನನ್ನು ಅವಳು ನೋಡಿದ್ದಳು. ಇಷ್ಟು ಹತ್ತಿರದಿಂದ ಇದೇ ಮೊದಲು.

"ಸ್ವಲ್ಪ ನೀರು ಸಿಗುತ್ತಾ ಅಮ್ಮ? ಗಂಟಲು ಒಣಗಿದೆ. ಇವತ್ತು ಮಾತಾಡೋದಿದೆ."

ಮಗಳು ಚೀಲದಿಂದ ಬಾಟಲಿ ತೆಗೆದು ಕೊಟ್ಟಳು. ಕುಡಿದು ಬಾಯಿ ಒರೆಸಿಕೊಂಡ. "ನೀವು ಅವರಿಗೆ ಏನಾಗಬೇಕು?"

"ಮಗಳು."

"ಅವಳಿಗೆ ಮದುವೆನೇ ಆಗಿರಲಿಲ್ಲವಲ್ಲ."

"ಹೌದು."

ಗರ್ಜನೆ ಎಲ್ಲ ಅರ್ಥವಾದವನಂತೆ ಹುಬ್ಬು ಏರಿಸಿ, ಮುಖಕ್ಕೆ ಒಂದಿಷ್ಟು ಮರುಕ ತಂದುಕೊಂಡ. "ಇರಲಿ ಬಿಡಿ. ಕಲಾವಿದರ ಬದುಕು. ನಾನು ಅವಳ ಜೊತೆ ಪಾತ್ರ ಮಾಡಿದವನು. ಅವಳು ಮಾತು ಮರೆತದ್ದರಿಂದ ನನ್ನ ಕೊನೇ ಮಾತು ಉಳಿದುಹೋಯ್ತು. ನಲವತ್ತು ವರ್ಷ ಇಲ್ಲೇ ಇದೆ." ಎದೆ ಮುಟ್ಟಿ ತೋರಿಸಿದ. "ಇವತ್ತು ಅವಳ ಮುಂದೆ ಅದನ್ನ ಹೇಳಿ ಮುಗಿಸ್ತೀನಿ. ನಮ್ಮ ಮೇಷ್ಟ್ರದೇ ಯೋಚನೆ. ವಿಡಿಯೋ ಮಾಡ್ತಾರೆ."

ಅವನು ಖಾಲಿ ಬಾಟಲಿಯನ್ನು ಅವಳ ತೊಡೆಯ ಮೇಲಿಟ್ಟು ಎದ್ದ. ಮಗಳು ಅದನ್ನು ಕಸದ ಡಬ್ಬಿಗೆ ಹಾಕಿ, ಕೈ ತೊಳೆದು, ತಾಯಿಯ ಬಳಿಗೆ ಹೋದಳು.

ಒಳಗಿನ ಹಾಲಿನಲ್ಲಿ ಎರಡು ಹಳಿಗಳು ನೆಲದ ಮೇಲೆ ಹಾದು ಒಲೆಯ ಉಕ್ಕಿನ ಬಾಗಿಲಿಗೆ ಮುಟ್ಟುತ್ತಿದ್ದವು. ಹಳಿಯ ಮೇಲಿನ ತಳ್ಳುಗಾಡಿಗೆ ಅಕ್ಕನನ್ನು ಬದಲಾಯಿಸಿದರು. ಸಂಘದವರು ಅರ್ಧಚಂದ್ರಾಕಾರವಾಗಿ ನಿಂತರು. ರಂಗದ ಅಭ್ಯಾಸ, ಯಾರೂ ಯಾರನ್ನೂ ಮರೆಮಾಡಲಿಲ್ಲ. ಕಾರ್ಯದರ್ಶಿ ಫೋನು ಎತ್ತಿ ಹಿಡಿದು ತಂಗಿಯ ಹತ್ತಿರ ಬಗ್ಗಿದ.

"ಎರಡೇ ನಿಮಿಷ ಅಮ್ಮ. ಶ್ರದ್ಧಾಂಜಲಿ."

"ಮಾತಾಡಲಿ," ಎಂದಳು ತಂಗಿ.

ಗರ್ಜನೆ ಊರುಗೋಲನ್ನು ಮೇಷ್ಟ್ರ ಕೈಗೆ ಕೊಟ್ಟು ಹಳಿಗಳ ನಡುವೆ ಬಂದು ನಿಂತ. ಬಲಗೈ ಮುಂದೆ ಚಾಚಿದ, ಕಣ್ಣು ಮುಚ್ಚಿದ. ದನಿ ಮುದಿಯಾಗಿದ್ದರೂ ದೊಡ್ಡದಾಗಿಯೇ ಇತ್ತು; ತಗಡಿನ ಚಾವಣಿ ಅದನ್ನು ಇನ್ನಷ್ಟು ದೊಡ್ಡದು ಮಾಡಿತು. ತನ್ನ ಕೈಗಳನ್ನು ಶಪಿಸಿದ. ತನ್ನ ಪ್ರೀತಿಯನ್ನು ಕೊಂಡಾಡಿದ. ಸತ್ತವಳನ್ನು ಮುತ್ತು ಎಂದ, ಚಂದ್ರ ಎಂದ, ಇಷ್ಟು ಚೆನ್ನಾಗಿ ಅಳುವ ಗಂಡನನ್ನು ಪಡೆದ ಅವಳ ಭಾಗ್ಯವನ್ನು ನೆನೆದ. ಸಂಘದವರಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ಎರಡು ನಿಮಿಷ ಯಾವಾಗಲೋ ಕಳೆದುಹೋಗಿತ್ತು.

ತಂಗಿ ಅಕ್ಕನ ಸ್ವೆಟರಿನ ಕೊನೆಯ ಗುಂಡಿ ಹಾಕಿ, ಹಣೆಯ ಕೂದಲನ್ನು ಹಿಂದಕ್ಕೆ ಸವರಿ, ಪಕ್ಕಕ್ಕೆ ಸರಿದಳು.

ಮಗಳು ಗೋಡೆಯ ಬಳಿ ಸ್ವಿಚ್ಚಿನ ಪಕ್ಕ ನಿಂತಿದ್ದ ಕೆಲಸಗಾರನ ಹತ್ತಿರ ಹೋದಳು. "ಶುರು ಮಾಡಿ," ಎಂದಳು.

"ಅವರು ಮಾತಾಡ್ತಿದಾರಲ್ಲ ಮೇಡಂ?"

"ಅವರು ಮಾತಾಡ್ತಾನೇ ಇರ್ತಾರೆ. ಮನೆಯವರು ನಾವು."

ಕೆಲಸಗಾರ ತಲೆಯಾಡಿಸಿ, ಇನ್ನೊಬ್ಬನಿಗೆ ಸನ್ನೆ ಮಾಡಿದ. ಅವರು ತಳ್ಳುಗಾಡಿಯನ್ನು ಗರ್ಜನೆಯ ಮುಂದಿನಿಂದ ಸದ್ದಿಲ್ಲದೆ ಸರಿಸಿಕೊಂಡು ಹೋದರು. ಉಕ್ಕಿನ ಬಾಗಿಲು ಮೇಲೇರಿತು, ಕೆಂಪು ಬೆಳಕು ನೆಲದ ಮೇಲೆ ಬಿತ್ತು, ಅಕ್ಕ ಒಳಗೆ ಹೋದಳು, ಬಾಗಿಲು ಇಳಿಯಿತು. ಕಣ್ಣು ಮುಚ್ಚಿಕೊಂಡೇ ಇದ್ದ ಗರ್ಜನೆ ಅತ್ಯಂತ ಕರುಣಾಜನಕವಾದ ಭಾಗಕ್ಕೆ ಬಂದಿದ್ದ. ಯಂತ್ರದ ಮೊರೆತವನ್ನು ಮೀರಿಸಲು ದನಿಯನ್ನು ಇನ್ನೂ ಎತ್ತಿದ. ಮೇಷ್ಟ್ರು ಅವನ ಊರುಗೋಲು ಹಿಡಿದು ಬಾಯಿ ತೆರೆದು ನಿಂತಿದ್ದರು. ಕಾರ್ಯದರ್ಶಿಯ ಫೋನಿನಲ್ಲಿ ಖಾಲಿ ಹಳಿ ಮೂಡುತ್ತಿತ್ತು. ಅವನು ಅದನ್ನು ಕೆಳಗಿಳಿಸಿದ.

ತಾಯಿ ಮಗಳು ಹೊರಗೆ ಹೋದರು. ಇಸ್ತ್ರಿಯವಳು ಅವರ ಹಿಂದೆಯೇ ಹೋದಳು. ಒಬ್ಬೊಬ್ಬರಾಗಿ ಉಳಿದವರೂ ಹೊರಟರು. ಆಚೆ ಬಾಗಿಲಿನಿಂದ ಬೇರೆ ಮನೆಯವರು ತಮ್ಮ ಹೆಣದೊಂದಿಗೆ ಒಳಗೆ ಬಂದರು. ಹಳಿಗಳ ನಡುವೆ ಕೈ ಚಾಚಿ ಕಣ್ಣು ಮುಚ್ಚಿ ಯಾರನ್ನೋ ಕೂಗಿ ಅಳುತ್ತಿರುವ ಮುದುಕನನ್ನು ಕಂಡು, ತಮ್ಮ ಕಡೆಯ ನೆಂಟನೇ ಇರಬಹುದೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೆಲಸಗಾರ ತಳ್ಳುಗಾಡಿಯನ್ನು ಅವನ ಮೊಣಕಾಲಿನ ಹತ್ತಿರ ತಂದು ನಿಲ್ಲಿಸಿದ.

"ಅಜ್ಜ, ಸ್ವಲ್ಪ ಪಕ್ಕಕ್ಕೆ ಬನ್ನಿ. ಹಳಿ ಮೇಲೆ ನಿಂತಿದ್ದೀರಿ."